ಕಚ್ಚಿದ್ದು ಕೇರೆಹಾವು, ಕಾಲು ಕೆಡಿಸಿದ್ದು ಹಗ್ಗ

ರಾತ್ರಿ 12.20ಕ್ಕೆ 108 ಬಂದು ನಿಂತಿತು. ಪಾವಗಡ ಕಡೆಯಿಂದ ಒಂದು ಹಾವು ಕಡಿತದ ಕೇಸು ಬರುತ್ತಿದೆ ಎಂದು ಮೊದಲೇ ಫೋನ್ ಬಂದಿತ್ತು. ಸ್ಟ್ರೆಚರ್ ಹಿಂದೆ ಇಳಿದವರು ಮೂವರು: ಹೆಂಡತಿ, ಸೋದರಮಾವ, ಮತ್ತೆ ಕೈಯಲ್ಲಿ ರಸಗೊಬ್ಬರದ ಚೀಲ ಹಿಡಿದುಕೊಂಡ ಒಬ್ಬ ಹುಡುಗ. ಚೀಲದೊಳಗೆ ಹೊಡೆದು ಸಾಯಿಸಿದ ಹಾವು. ಹುಡುಗ ಅದನ್ನು ನನ್ನ ಮೇಜಿನ ಮೇಲೇ ಸುರಿಯಲು ಹೊರಟಿದ್ದ. ಸಿಸ್ಟರ್ ಗದರಿದ್ದಕ್ಕೆ ಬಾಗಿಲ ಹೊರಗೆ ಇಟ್ಟು ಬಂದ.

ತುಮಕೂರಿನ ಒಂದು ಆಸ್ಪತ್ರೆಯ ಮೆಡಿಸಿನ್ ವಿಭಾಗದಲ್ಲಿ ಕೆಲಸ ಮಾಡುವವನು ನಾನು. ಹಾವು ಕಡಿತ ನಮಗೆ ಹೊಸದಲ್ಲ, ಮಳೆ ಬಿದ್ದ ಮೇಲಂತೂ ವಾರಕ್ಕೆ ಹಲವು ಬರುತ್ತವೆ. ಈ ಪ್ರಕರಣವನ್ನು ಇಷ್ಟು ವಿವರವಾಗಿ ಬರೆಯುತ್ತಿರುವುದಕ್ಕೆ ಕಾರಣವೇ ಬೇರೆ. ಇಲ್ಲಿ ಹಾವಿನ ವಿಷ ಇರಲೇ ಇಲ್ಲ. ಆದರೂ ರೋಗಿ ಸಾವಿನ ಹತ್ತಿರ ಹೋಗಿ ಬಂದ. ನಾನು ಒಂದೂವರೆ ಗಂಟೆ ಹೊತ್ತು ತಪ್ಪು ಶತ್ರುವನ್ನು ಹುಡುಕುತ್ತ ಕೂತಿದ್ದೆ. ರೋಗಿಯ ಒಪ್ಪಿಗೆ ಪಡೆದಿದ್ದೇನೆ, ಗುರುತು ಸಿಗದಂತೆ ಕೆಲವು ವಿವರ ಬದಲಿಸಿದ್ದೇನೆ.

ವಯಸ್ಸು 36. ಪಾವಗಡ ತಾಲ್ಲೂಕಿನ ತಿರುಮಣಿ ಸುತ್ತಿನ 2,050 ಮೆಗಾವಾಟ್ ಸೋಲಾರ್ ಪಾರ್ಕ್‌ನಲ್ಲಿ ಪ್ಯಾನಲ್ ಸಾಲುಗಳ ನಡುವೆ ಹುಲ್ಲು ಕೊಯ್ಯುವ ಕೂಲಿ. ಸಂಜೆ 6.10ರ ಸುಮಾರಿಗೆ ಬಲಗಾಲಿನ ಹರಡಿನ ಮೇಲೆ ಏನೋ ಕಚ್ಚಿದಂತಾಯಿತು. ನೋಡಿದರೆ ಉದ್ದನೆಯ ಹಾವು. ಜೊತೆಯವರು ಕೂಡಲೇ ಟವೆಲ್ಲಿನಿಂದ ಮಂಡಿಯ ಕೆಳಗೆ ಕಟ್ಟಿದರು. ಅಲ್ಲಿಂದ ಬೈಕಿನಲ್ಲಿ ಪಕ್ಕದ ಊರಿನ ಮಂತ್ರ ಹಾಕುವವರ ಹತ್ತಿರ. ಅವರು ಕಾಲು ನೋಡಿದರು, ನೀಲಿಗಟ್ಟಿದೆ, ಇಸ ಏರುತ್ತಿದೆ ಎಂದರು. ನಿಜವಾಗಿ ಅದು ಟವೆಲ್ಲಿನ ಕೆಲಸ: ಸಡಿಲವಾದ ಕಟ್ಟು ಸಿರೆಗಳನ್ನು ಮಾತ್ರ ಒತ್ತುತ್ತದೆ, ಆಳದ ಅಪಧಮನಿ ರಕ್ತ ತಂದು ಸುರಿಯುತ್ತಲೇ ಇರುತ್ತದೆ, ಒಳಗೆ ಬಂದ ರಕ್ತಕ್ಕೆ ಹೊರಗೆ ಹೋಗಲು ದಾರಿಯಿಲ್ಲ. ಕಾಲು ಊದಿ ನೇರಳೆ ಹಣ್ಣಿನ ಬಣ್ಣಕ್ಕೆ ಬರುತ್ತದೆ. ಅದನ್ನು ಕಂಡು, 7.30ರ ಹೊತ್ತಿಗೆ, ದನ ಕಟ್ಟುವ ನೈಲಾನ್ ಹಗ್ಗವನ್ನು ಮಂಡಿಗಿಂತ ನಾಲ್ಕು ಬೆರಳು ಮೇಲೆ ಎರಡು ಸುತ್ತು ಸುತ್ತಿ, ನಡುವೆ ಒಂದು ಕೋಲು ತೂರಿಸಿ ತಿರುಚಿದರು. ಅಲ್ಲಿಗೆ ಅಪಧಮನಿಯೂ ಮುಚ್ಚಿತು.

ತಾಲ್ಲೂಕು ಮಟ್ಟದ ಆಸ್ಪತ್ರೆಗೆ ಬಂದಾಗ ಒಂಬತ್ತೂವರೆ. ಅಲ್ಲಿ ಹಗ್ಗ ಬಿಚ್ಚುವ ಧೈರ್ಯ ಯಾರೂ ಮಾಡಲಿಲ್ಲ. ಟಿಟಿ ಇಂಜೆಕ್ಷನ್ ಕೊಟ್ಟು ತುಮಕೂರಿಗೆ ಬರೆದರು. ಅವರನ್ನು ದೂರುವುದಕ್ಕೆ ನನಗೆ ಮನಸ್ಸಿಲ್ಲ. ಬಿಗಿದ ಕಟ್ಟು ಬಿಚ್ಚಿದ ತಕ್ಷಣ ನಾಗರಹಾವಿನ ವಿಷ ಒಟ್ಟಿಗೆ ಮೈಗೇರಿ ಉಸಿರು ನಿಂತದ್ದನ್ನು ಒಮ್ಮೆ ಕಂಡವನು, ಒಬ್ಬನೇ ಡ್ಯೂಟಿಯಲ್ಲಿರುವಾಗ, ಆ ಹಗ್ಗಕ್ಕೆ ಕೈ ಹಾಕುವುದಿಲ್ಲ.

ನಮ್ಮಲ್ಲಿ ನೋಡಿದಾಗ ಹಗ್ಗದಿಂದ ಕೆಳಗೆ ಇಡೀ ಕಾಲು ಮೇಣದ ಹಾಗೆ ಬಿಳಚಿ ತಣ್ಣಗಿತ್ತು, ಅಲ್ಲಲ್ಲಿ ನೇರಳೆ ಕಲೆ. ಪಾದದ ನಾಡಿ ಇಲ್ಲ. ರಕ್ತದ ಹರಿವಿನ ಸದ್ದು ಕೇಳಿಸುವ ಡಾಪ್ಲರ್ ಇಟ್ಟರೆ ಬರೀ ಗೊರಗೊರ. ಬೆರಳಾಡಿಸಲು ಆಗುತ್ತಿಲ್ಲ, ಮುಟ್ಟಿದ್ದು ತಿಳಿಯುತ್ತಿಲ್ಲ. ಕಚ್ಚಿದ ಜಾಗದಲ್ಲಿ ಎರಡು ದೊಡ್ಡ ಹಲ್ಲಿನ ಗುರುತು ಇರಲಿಲ್ಲ, ಕಮಾನಿನಂತೆ ಸಾಲಾಗಿ ಸಣ್ಣ ಸಣ್ಣ ಚುಕ್ಕೆ. ರೆಪ್ಪೆ ಇಳಿದಿಲ್ಲ, ಮಾತು ಸ್ಪಷ್ಟ, ವಸಡಿನಲ್ಲಿ ರಕ್ತವಿಲ್ಲ. ಹೊರಗೆ ಹೋಗಿ ಚೀಲ ಬಿಚ್ಚಿ ನೋಡಿದೆ. ತಲೆ ಜಜ್ಜಿ ಹೋಗಿತ್ತು, ಆದರೆ ಐದಡಿ ಮೀರಿದ ಕಂದು ಮೈ, ಬಾಲದ ಕಡೆ ಕಪ್ಪು ಅಡ್ಡಪಟ್ಟೆ. ಕೇರೆ ಎಂದು ಅನ್ನಿಸಿತು. ಅನ್ನಿಸಿದ್ದನ್ನು ಕೇಸ್ ಶೀಟಿನಲ್ಲಿ ಬರೆದೆ, ನಂಬಲಿಲ್ಲ. ಕಚ್ಚಿದ ಹಾವು ಒಂದು, ಹೊಡೆದು ತಂದ ಹಾವು ಇನ್ನೊಂದು ಆಗಿದ್ದನ್ನು ನೋಡಿದ್ದೇವೆ.

ಒಣಗಿದ ಹೊಸ ಗಾಜಿನ ನಳಿಗೆಯಲ್ಲಿ ಎರಡು ಮಿಲಿ ರಕ್ತ ಹಾಕಿ ಅಲುಗಾಡಿಸದೆ 20 ನಿಮಿಷ ಇಟ್ಟೆವು. ಕೊಳಕುಮಂಡಲವೋ ಗರಗಸಮಂಡಲವೋ ಕಚ್ಚಿ ವಿಷ ಏರಿದ್ದರೆ ಬಹುಮಟ್ಟಿಗೆ ಆ ರಕ್ತ ನೀರಿನ ಹಾಗೆ ಹರಿಯುತ್ತದೆ. ಇದು ಬೆಣ್ಣೆಯಂತೆ ಹೆಪ್ಪುಗಟ್ಟಿ ಕೂತಿತ್ತು. ಆದರೆ ಕಟ್ಟಿನ ಕೆಳಗೆ ವಿಷ ಸಿಕ್ಕಿಕೊಂಡಿದ್ದರೆ ಕೈಯಿಂದ ತೆಗೆದ ರಕ್ತದಲ್ಲಿ ಅದು ಕಾಣುವುದಿಲ್ಲವಲ್ಲ. ಪೊಟ್ಯಾಸಿಯಂ ನಾರ್ಮಲ್, 4.2, ಬಂದದ್ದಕ್ಕೂ ಇದೇ ಮಾತು: ಆ ಕಾಲಿನ ರಕ್ತ ಇನ್ನೂ ಲೆಕ್ಕಕ್ಕೇ ಬಂದಿರಲಿಲ್ಲ.

ಹಗ್ಗ ತೆಗೆಯುವ ಮುನ್ನ ಎರಡೂ ಕೈಗೆ ಡ್ರಿಪ್, ಎದೆಗೆ ಇಸಿಜಿ ಮಾನಿಟರ್, ಪಕ್ಕದಲ್ಲಿ ಪ್ರತಿವಿಷದ ಹತ್ತು ವಯಲ್, ಉಸಿರು ತುಂಬುವ ಆಂಬು ಬ್ಯಾಗ್, ಪೊಟ್ಯಾಸಿಯಂ ಏರಿದರೆ ಹೃದಯ ಕಾಯಲು ಸಿರಿಂಜಿಗೆ ಎಳೆದಿಟ್ಟ ಕ್ಯಾಲ್ಸಿಯಂ ಗ್ಲುಕೊನೇಟ್. ಹಗ್ಗದ ಮೇಲ್ಗಡೆ ಬಿಪಿ ಕಫ್ ಸುತ್ತಿ ಗಾಳಿ ತುಂಬಿ, ಹಗ್ಗ ಬಿಡಿಸಿ, ಆಮೇಲೆ ಕಫ್‌ನ ಒತ್ತಡವನ್ನು ನಿಧಾನಕ್ಕೆ ಇಳಿಸುವುದು ಕ್ರಮ. ಸೋದರಮಾವ ನನ್ನ ಕೈ ಹಿಡಿದರು. “ಬಿಚ್ಬೇಡಿ ಸಾ, ಇಸ ಎದೆಗೇರ್ತದೆ.” ಏರಿದರೆ ಅದಕ್ಕೆ ಮದ್ದು ಇಲ್ಲೇ ಇದೆ ಎಂದು ವಯಲ್ ತೋರಿಸಿದೆ. ಹಗ್ಗ ಕತ್ತರಿಸಲು ಹೋದ ವಾರ್ಡ್‌ಬಾಯ್‌ನನ್ನು ಅವರೇ ತಡೆದು, ಕೋಲು ತಿರುವಿ ಗಂಟು ಬಿಡಿಸಿ, ಅದನ್ನು ಸುರುಳಿ ಸುತ್ತಿ ಚೀಲಕ್ಕೆ ಹಾಕಿಕೊಂಡರು. ಕಫ್ ಪೂರ್ತಿ ಇಳಿದಾಗ 12.50. ಬಿಗಿ ಹಗ್ಗದ ಲೆಕ್ಕ ಐದು ಗಂಟೆ ಇಪ್ಪತ್ತು ನಿಮಿಷ. ಮೂಳೆ ಆಪರೇಷನ್ನಿಗೆ ಟೂರ್ನಿಕೆಟ್ ಕಟ್ಟುವ ಸರ್ಜನ್‌ಗಳು ಸಾಮಾನ್ಯವಾಗಿ ಎರಡು ಗಂಟೆಗೆ ಗಡಿಯಾರ ನೋಡಲು ಶುರು ಮಾಡುತ್ತಾರೆ.

ಎರಡೇ ನಿಮಿಷ. ತೊಡೆಯ ಆ ಗೆರೆಯಿಂದ ಕೆಂಪು ಇಳಿಯುತ್ತ ಹೋಯಿತು, ಮಂಡಿ, ಮೀನಖಂಡ, ಪಾದ. ಬೆರಳ ತುದಿ ಬೆಚ್ಚಗಾಯಿತು. ಡಾಪ್ಲರಿನಲ್ಲಿ ಸೊಂಯ್ ಸೊಂಯ್ ಎಂದು ನಾಡಿ ಕೇಳಿದಾಗ ಹೆಂಡತಿ ಅಳಲು ಶುರು ಮಾಡಿದರು. “ಕಾಲು ಬಂತು” ಎಂದರು ಮಾವ. ಉಸಿರು ಸರಿಯಿತ್ತು, ಬಿಪಿ ಸರಿಯಿತ್ತು. ನಾನೂ ಟೀ ಕುಡಿಯಲು ಹೋದೆ.

ಎರಡನೇ ಪೆಟ್ಟು

2.40ಕ್ಕೆ ಸಿಸ್ಟರ್ ಕರೆದರು. ಕಾಲು ಊದಿತ್ತು. ಊದಿದ್ದು ಅಂದರೆ ಮೀನಖಂಡ ಕಲ್ಲಂಗಡಿಯ ಹಾಗೆ ಬಿಗಿದು ಚರ್ಮ ಮಿರಿಮಿರಿ ಹೊಳೆಯುತ್ತಿತ್ತು. ಅದುವರೆಗೆ ನೋವೇ ತಿಳಿಯದಿದ್ದವನು ಕೂಗುತ್ತಿದ್ದ. ಹೆಬ್ಬೆರಳನ್ನು ಮೆಲ್ಲಗೆ ಕೆಳಕ್ಕೆ ಬಾಗಿಸಿದರೆ ಹಾಸಿಗೆಯಿಂದ ಎದ್ದೇಬಿಟ್ಟ. ಪೊಟ್ಯಾಸಿಯಂ ಅಪಾಯದ ಮಟ್ಟಕ್ಕೆ ಏರಿ 6.6, ಇಸಿಜಿಯಲ್ಲಿ ಟಿ ಅಲೆಗಳು ಗುಡಾರದ ಹಾಗೆ ಮೊನಚು. ಮೂತ್ರದ ಚೀಲದಲ್ಲಿ ಕಾಫಿ ಡಿಕಾಕ್ಷನ್.

“ಸರ್, ಇದು ಕೊಳಕುಮಂಡಲನೇ. ಹಗ್ಗ ಬಿಚ್ಚಿದ ಮೇಲೆ ವಿಷ ಇಳಿದಿದೆ. ಪ್ರತಿವಿಷ ಹಾಕಿಬಿಡೋಣ” ಎಂದಳು ನಮ್ಮ ಪಿಜಿ, ಸ್ನಾತಕೋತ್ತರ ವಿದ್ಯಾರ್ಥಿನಿ. ಅವಳ ವಾದಕ್ಕೆ ಬಲವಿತ್ತು. ಕಾಲು ಊದುವುದು, ಮೂತ್ರ ಕೆಂಪಾಗುವುದು, ಕಿಡ್ನಿ ಹೊಡೆತ ತಿನ್ನುವುದು, ಮೂರೂ ಮಂಡಲದ ಹಾವಿನ ಪುಸ್ತಕದ ಲಕ್ಷಣ. ಸರ್ಜನ್ ಬಂದವರು ಕಾಲು ಒತ್ತಿ ನೋಡಿ, “ಕೊಯ್ಯಬೇಕು. ಆದರೆ ಮಂಡಲ ಅಂತೀರಾದರೆ ರಕ್ತ ಹೆಪ್ಪುಗಟ್ಟುತ್ತೆ ಅಂತ ಬರೆದುಕೊಡಿ, ಇಲ್ಲದಿದ್ದರೆ ಟೇಬಲ್ ಮೇಲೇ ರಕ್ತ ಸುರಿದು ಹೋಗ್ತಾನೆ” ಎಂದರು. ಅವರ ಮಾತಿನಲ್ಲೂ ತಪ್ಪಿಲ್ಲ.

ನಾನು ಮತ್ತೆ ನಳಿಗೆಗೆ ರಕ್ತ ಹಾಕಿದೆ. ಲ್ಯಾಬಿನಿಂದ ರಕ್ತದ ಹೆಪ್ಪುಗಟ್ಟುವಿಕೆ ಅಳೆಯುವ ಐಎನ್‌ಆರ್ ಬರುವುದಕ್ಕೆ ಕಾದೆ. ಪ್ಲೇಟ್‌ಲೆಟ್ ಎಣಿಕೆಗೆ ಕಾದೆ. ಈ ನಡುವೆ ಪೊಟ್ಯಾಸಿಯಂ ಹಿಡಿತಕ್ಕೆ ತರಲು ಕ್ಯಾಲ್ಸಿಯಂ, ಇನ್ಸುಲಿನ್ ಜೊತೆ ಡೆಕ್ಸ್‌ಟ್ರೋಸ್, ಸಾಲ್ಬುಟಮಾಲ್ ನೆಬ್ಯುಲೈಸರ್ ಎಲ್ಲ ನಡೆಯಿತು. ಎಲ್ಲ ವರದಿಯೂ ನಾರ್ಮಲ್ ಬಂತು, ಒಂದನ್ನು ಬಿಟ್ಟು: 200ರ ಆಸುಪಾಸು ಇರಬೇಕಾದ ಸಿಕೆ, ಸ್ನಾಯು ಒಡೆದಾಗ ರಕ್ತಕ್ಕೆ ಸೋರುವ ಕಿಣ್ವ, 21,000. ಮೂತ್ರದ ಪಟ್ಟಿ ‘ರಕ್ತ’ ಎಂದು ಹಸಿರುಗಟ್ಟಿತ್ತು, ಸೂಕ್ಷ್ಮದರ್ಶಕದಲ್ಲಿ ಒಂದೂ ಕೆಂಪುಕಣವಿಲ್ಲ. ಅಂದರೆ ಮೂತ್ರದಲ್ಲಿ ಇದ್ದದ್ದು ರಕ್ತವಲ್ಲ, ಸ್ನಾಯುವಿನ ಬಣ್ಣವಾದ ಮಯೋಗ್ಲೋಬಿನ್.

ಆಮೇಲೆ ಕಾಲನ್ನು ಮತ್ತೊಮ್ಮೆ, ಈ ಸಲ ಕಣ್ಣು ಬಿಟ್ಟು, ನೋಡಿದೆ. ಮಂಡಲ ಕಚ್ಚಿದ ಊತ ಕಚ್ಚಿದ ಜಾಗದಿಂದ ಶುರುವಾಗಿ ಗಂಟೆ ಗಂಟೆಗೂ ಮೇಲಕ್ಕೆ ಹತ್ತುತ್ತದೆ. ನಾವು ಪೆನ್ನಿನಿಂದ ಗೆರೆ ಎಳೆದು ಅದು ಎಷ್ಟು ಏರಿತು ಎಂದು ಅಳೆಯುವುದೂ ಅದಕ್ಕೇ. ಇಲ್ಲಿ ಹರಡಿನ ಹತ್ತಿರ, ಕಚ್ಚಿದಲ್ಲಿ, ಊತ ಕಡಿಮೆ. ಸ್ನಾಯು ದಪ್ಪಗಿರುವ ಮೀನಖಂಡದಲ್ಲಿ ಅತಿ ಹೆಚ್ಚು. ಇಡೀ ಕಾಲು ಒಟ್ಟಿಗೇ ಊದಿದೆ, ಮತ್ತು ಮೇಲೆ, ಹಗ್ಗದ ಗುರುತಿಗೆ ಬಂದು, ಗದ್ದೆಯ ಬದುವಿಗೆ ನೀರು ನಿಂತ ಹಾಗೆ ನಿಂತಿದೆ. ಉತ್ತರ ಅಲ್ಲಿ ತೊಡೆಯ ಸುತ್ತ ಬರೆದಿತ್ತು. ಅದನ್ನು ಓದಲು ನನಗೆ ಲ್ಯಾಬ್ ವರದಿ ಬೇಕಾಗಿರಲಿಲ್ಲ.

ಅಪಧಮನಿಯ ಒತ್ತಡ ಅಳೆಯುವ ಟ್ರಾನ್ಸ್‌ಡ್ಯೂಸರಿಗೇ ಸೂಜಿ ಜೋಡಿಸಿ ಮೀನಖಂಡದ ಮುಂಭಾಗಕ್ಕೆ ಚುಚ್ಚಿದಾಗ ಒಳಗಿನ ಒತ್ತಡ 48 ಬಂತು. ಆರಾಮಾಗಿರುವ ಸ್ನಾಯುವಿನಲ್ಲಿ ಅದು ಹತ್ತರೊಳಗೆ ಇರುತ್ತದೆ. ಬಿಪಿಯ ಕೆಳಗಿನ ಅಂಕಿ 68. ವ್ಯತ್ಯಾಸ 20, ಮೂವತ್ತಕ್ಕಿಂತ ಕಡಿಮೆಯಾದರೆ ಕೊಯ್ಯಬೇಕು ಎನ್ನುವುದು ರೂಢಿಯ ಲೆಕ್ಕ. ಪಾದದಲ್ಲಿ ನಾಡಿ ಆಗಲೂ ಸಿಗುತ್ತಿತ್ತು, ಮೋಸ ಮಾಡುವುದೇ ಅದು. ದೊಡ್ಡ ಅಪಧಮನಿ ಹರಿಯುತ್ತಲೇ ಇರುತ್ತದೆ, ಅದರ ಪಕ್ಕದಲ್ಲೇ ಕೂದಲಿನಂಥ ಲೋಮನಾಳಗಳು ಮುಚ್ಚಿ ಸ್ನಾಯು ಸಾಯುತ್ತಿರುತ್ತದೆ.

4.45ಕ್ಕೆ ಥಿಯೇಟರ್. ಕಾಲಿನ ಎರಡೂ ಬದಿಗೆ ಉದ್ದುದ್ದ ಕೊಯ್ದು ಸ್ನಾಯುಗಳಿರುವ ನಾಲ್ಕು ಕೋಣೆಗಳ ಹೊದಿಕೆಯನ್ನೂ ಬಿಡಿಸಿದರು. ಕತ್ತರಿ ತಾಗಿದ ಕೂಡಲೇ ಸ್ನಾಯು ಹಿಟ್ಟು ಉಬ್ಬಿದ ಹಾಗೆ ಹೊರಗೆ ಬಂತು. ಹಿಂದಿನ ಕೋಣೆಗಳದು ಸ್ವಲ್ಪ ಹೊತ್ತಿಗೆ ಗುಲಾಬಿಗೆ ತಿರುಗಿತು, ಕರೆಂಟಿನ ಕಾಟರಿ ಮುಟ್ಟಿಸಿದರೆ ಮಿಡುಕಿತು. ಮುಂದಿನ ಕೋಣೆಯ ಸ್ನಾಯು, ಪಾದವನ್ನು ಮೇಲಕ್ಕೆತ್ತುವುದು, ಬೂದಿ ಬಣ್ಣಕ್ಕೇ ಉಳಿಯಿತು.

ಹಗ್ಗ ಬಿಚ್ಚಿದ ಮೇಲೆ ಒಳಗೆ ಏನಾಯಿತು

ನಮ್ಮ ಕಡೆ ಬೋರ್‌ವೆಲ್ ಇಟ್ಟುಕೊಂಡವರಿಗೆ ಇದು ಬೇಗ ಅರ್ಥವಾಗುತ್ತದೆ. ಕರೆಂಟ್ ಹೋದಾಗ ಮೋಟಾರ್ ಸುಡುವುದಿಲ್ಲ, ಬಂದಾಗ ಸುಡುತ್ತದೆ.

ರಕ್ತ ನಿಂತ ಐದು ಗಂಟೆಯಲ್ಲಿ ಸ್ನಾಯುಕೋಶ ಹಸಿದಿತ್ತು, ನಿಜ. ಕೋಶದ ಇಂಧನವಾದ ಎಟಿಪಿ ಮುಗಿಯುತ್ತ ಬಂದಂತೆ ಸೋಡಿಯಂ ಹೊರಗೆ ತಳ್ಳಿ ಪೊಟ್ಯಾಸಿಯಂ ಒಳಗೆಳೆಯುವ ಪಂಪು ನಿಲ್ಲುತ್ತದೆ. ಆಮ್ಲಜನಕವಿಲ್ಲದೆ ಸಕ್ಕರೆ ಒಡೆದು ಲ್ಯಾಕ್ಟೇಟ್ ಸೇರುತ್ತದೆ, ಕೋಶ ಹುಳಿಯಾಗುತ್ತದೆ. ಆ ಹುಳಿ ತೆಗೆಯಲು ಹೋಗಿ ಸೋಡಿಯಂ ಒಳಗೆ ಬರುತ್ತದೆ, ಸೋಡಿಯಂ ತೆಗೆಯಲು ಹೋಗಿ ಕ್ಯಾಲ್ಸಿಯಂ ಒಳಗೆ ಬರುತ್ತದೆ. ಸಾಲ ತೀರಿಸಲು ಸಾಲ. ಆದರೆ ಇಷ್ಟರಿಂದಲೇ ಎಲ್ಲ ಕೋಶವೂ ಸಾಯುವುದಿಲ್ಲ. ಹುಳಿಯೇ ಒಂದು ಮಟ್ಟಿಗೆ ಕಾಯುತ್ತದೆ: ಕೋಶದ ವಿದ್ಯುತ್ ಕೇಂದ್ರದಂಥ ಮೈಟೋಕಾಂಡ್ರಿಯದ ಗೋಡೆಯಲ್ಲಿರುವ ಒಂದು ದೊಡ್ಡ ರಂಧ್ರ ಹುಳಿ ಇರುವಷ್ಟು ಹೊತ್ತು ಮುಚ್ಚಿಕೊಂಡಿರುತ್ತದೆ.

ರಾಬರ್ಟ್ ಜೆನ್ನಿಂಗ್ಸ್ ಮತ್ತು ಸಂಗಡಿಗರು 1960ರಲ್ಲಿ ನಾಯಿಯ ಹೃದಯದ ರಕ್ತನಾಳ ಕಟ್ಟಿ ಬಿಚ್ಚಿ ನೋಡಿದಾಗ, ರಕ್ತ ಮರಳಿದ ಸ್ನಾಯು ಬೇಗ ಊದಿ ಹಾಳಾಗುವುದನ್ನು ಬರೆದಿಟ್ಟರು. ಏಕೆ ಎಂಬುದರ ಒಂದು ಮುಖ್ಯ ಕೊಂಡಿ ಸಿಕ್ಕಿದ್ದು 2014ರಲ್ಲಿ, ಚೌಚಾನಿ ಮತ್ತು ಮರ್ಫಿ ಅವರಿದ್ದ ಕೇಂಬ್ರಿಜ್‌ನ ತಂಡದ ಕೆಲಸದಿಂದ. ರಕ್ತವಿಲ್ಲದ ಹೊತ್ತಿನಲ್ಲಿ ಸಕ್ಸಿನೇಟ್ ಎಂಬ ಇಂಧನ ಕೋಶದಲ್ಲಿ ರಾಶಿ ಬೀಳುತ್ತದೆ. ಆಮ್ಲಜನಕ ಬಂದದ್ದೇ ತಡ, ಆ ರಾಶಿ ನಿಮಿಷಗಳಲ್ಲಿ ಉರಿದುಹೋಗುತ್ತದೆ. ಎಲೆಕ್ಟ್ರಾನುಗಳು ಮುಂದೆ ಹೋಗಲು ಜಾಗ ಸಾಲದೆ ಮೈಟೋಕಾಂಡ್ರಿಯದ ಮೊದಲ ಘಟಕದೊಳಕ್ಕೆ ಹಿಮ್ಮುಖ ನುಗ್ಗಿ ಆಮ್ಲಜನಕಕ್ಕೆ ಅಂಟಿ ಸೂಪರ್‌ಆಕ್ಸೈಡ್ ಎಂಬ ಹಾನಿಕಾರಕ ಅಣು ಆಗುತ್ತವೆ. ಇತ್ತ ಹೊಸ ರಕ್ತ ಹುಳಿಯನ್ನೂ ತೊಳೆದಿದೆ. ಕ್ಯಾಲ್ಸಿಯಂ ತುಂಬಿದೆ, ಸೂಪರ್‌ಆಕ್ಸೈಡ್ ಹರಿದಾಡುತ್ತಿದೆ, ಹುಳಿ ಇಲ್ಲ: ಮುಚ್ಚಿದ್ದ ಆ ರಂಧ್ರ ತೆರೆಯುತ್ತದೆ, ಮೈಟೋಕಾಂಡ್ರಿಯ ಊದಿ ಒಡೆಯುತ್ತದೆ. ನಮ್ಮ ಕಣ್ಣಿಗೆ ಕಾಲು ಕೆಂಪಗಾಗುತ್ತಿದ್ದ ಆ ಎರಡು ನಿಮಿಷದಲ್ಲೇ ಇದು ಶುರುವಾಗಿರಬೇಕು.

ಒಡೆದ ಕೋಶ ಸುಮ್ಮನೆ ಒಡೆಯುವುದಿಲ್ಲ, ಕೂಗು ಹಾಕಿ ಒಡೆಯುತ್ತದೆ. ಒಳಗಿರಬೇಕಾದ ಎಟಿಪಿ, ನ್ಯೂಕ್ಲಿಯಸ್ಸಿನೊಳಗೆ ಇರಬೇಕಾದ ಎಚ್‌ಎಂಜಿಬಿ1 ಎಂಬ ಪ್ರೋಟೀನು, ಮೈಟೋಕಾಂಡ್ರಿಯದ ಡಿಎನ್‌ಎ ಬೀದಿಗೆ ಬೀಳುತ್ತವೆ. ರೋಗನಿರೋಧಕ ವ್ಯವಸ್ಥೆ ಕೇವಲ ‘ನಮ್ಮದು, ಹೊರಗಿನದು’ ಎಂದು ಬೇರ್ಪಡಿಸುವುದಿಲ್ಲ, ಅಪಾಯದ ಸೂಚನೆಗೆ ಓಗೊಡುತ್ತದೆ ಎಂದು ಪಾಲಿ ಮ್ಯಾಟ್ಜಿಂಗರ್ 1994ರಲ್ಲಿ ವಾದಿಸಿದಾಗ ಅನೇಕರು ಹುಬ್ಬೇರಿಸಿದ್ದರು. ಈ ಕಾಲಿನಲ್ಲಿ ಆದದ್ದು ಅದೇ. ಎಚ್‌ಎಂಜಿಬಿ1 ಹೋಗಿ ಟಿಎಲ್‌ಆರ್-4 ಎಂಬ ಗ್ರಾಹಕವನ್ನು ತಟ್ಟುತ್ತದೆ, ಬ್ಯಾಕ್ಟೀರಿಯಾದ ವಿಷ ಬಂದು ತಟ್ಟುವ ಬಾಗಿಲೂ ಅದೇ. ಒಳಗೆ ಎನ್‌ಎಫ್-ಕಪ್ಪಾ-ಬಿ ಎಂಬ ಪ್ರೋಟೀನು ಎಚ್ಚರಗೊಂಡು ನ್ಯೂಕ್ಲಿಯಸ್ಸಿಗೆ ಹೋಗಿ ಟಿಎನ್‌ಎಫ್, ಐಎಲ್-6, ಐಎಲ್-8 ಎಂಬ ಉರಿಯೂತದ ಸಂದೇಶಗಳನ್ನು ತಯಾರಿಸಲು ಆಜ್ಞೆ ಕೊಡುತ್ತದೆ.

ಮೈಟೋಕಾಂಡ್ರಿಯದ ಕಥೆ ಇನ್ನೂ ವಿಚಿತ್ರ. ಕೋಟ್ಯಂತರ ವರ್ಷಗಳ ಹಿಂದೆ ಅದು ಸ್ವತಂತ್ರ ಬ್ಯಾಕ್ಟೀರಿಯಾ ಆಗಿತ್ತು. ನಮ್ಮ ಕೋಶದೊಳಗೆ ಸೇರಿ ಮನೆಯವನೇ ಆಗಿಬಿಟ್ಟಿದೆ. ಆದರೆ ಹುಟ್ಟೂರಿನ ಗುರುತು ಅಳಿದಿಲ್ಲ. ಅದರ ಡಿಎನ್‌ಎ ಇಂದಿಗೂ ಬ್ಯಾಕ್ಟೀರಿಯಾದ್ದರ ಹಾಗಿದೆ, ಅದರ ಪ್ರೋಟೀನುಗಳ ತಲೆಯಲ್ಲಿ ಬ್ಯಾಕ್ಟೀರಿಯಾದವುಗಳ ಹಾಗೆ ಫಾರ್ಮಿಲ್ ಗುಂಪು ಇದೆ. ಗೋಡೆಯೊಳಗೆ ಇರುವ ತನಕ ಯಾರೂ ಕೇಳುವುದಿಲ್ಲ. ಹೊರಗೆ ಬಿದ್ದರೆ ಬಿಳಿಕಣಗಳು ಸೋಂಕು ತಗುಲಿತೆಂದೇ ತಿಳಿಯುತ್ತವೆ. ಬಾಸ್ಟನ್‌ನ ಕಾರ್ಲ್ ಹೌಸರ್ ತಂಡ 2010ರಲ್ಲಿ, ದೊಡ್ಡ ಪೆಟ್ಟು ತಿಂದವರ ರಕ್ತದಲ್ಲಿ ಈ ಮೈಟೋಕಾಂಡ್ರಿಯದ ಚೂರುಗಳು ಹೇರಳವಾಗಿರುವುದನ್ನೂ ಅವು ನ್ಯೂಟ್ರೋಫಿಲ್ ಎಂಬ ಬಿಳಿಕಣಗಳನ್ನು ಕೆರಳಿಸುವುದನ್ನೂ ತೋರಿಸಿತು. ಮೂರನೇ ದಿನ ನಮ್ಮ ರೋಗಿಗೆ 102 ಡಿಗ್ರಿ ಜ್ವರ, ಬಿಳಿಕಣ 19,000. ರಕ್ತದ ಕಲ್ಚರ್ ಎರಡು ಸಲ ಕಳಿಸಿದೆವು, ಏನೂ ಬೆಳೆಯಲಿಲ್ಲ. ಆಂಟಿಬಯೋಟಿಕ್ ಕೊಟ್ಟೆವು, ಕೊಡದಿರಲು ಯಾರಿಗೂ ಧೈರ್ಯವಿರುವುದಿಲ್ಲ. ಆದರೆ ಆ ಜ್ವರ ಅವನದೇ ಸ್ನಾಯುವಿನದು ಎಂದು ನನ್ನ ನಂಬಿಕೆ.

ಇನ್ನು ರಕ್ತನಾಳದ ಒಳಪದರ. ಸಾಧಾರಣ ಹೊತ್ತಿನಲ್ಲಿ ಎಂಡೋಥೀಲಿಯಂ ಎಣ್ಣೆ ಸವರಿದ ಹಾಗೆ ನುಣ್ಣಗಿದ್ದು ಬಿಳಿಕಣಗಳು ಜಾರಿಹೋಗುತ್ತವೆ. ರಕ್ತ ಮರಳಿದ ನಿಮಿಷಗಳಲ್ಲೇ ಅದು ಒಳಗೆ ಮಡಚಿಟ್ಟುಕೊಂಡಿದ್ದ ಪಿ-ಸೆಲೆಕ್ಟಿನ್ ಎಂಬ ಕೊಕ್ಕೆಗಳನ್ನು ಮೇಲಕ್ಕೆ ಚಾಚುತ್ತದೆ. ಓಡುತ್ತಿದ್ದ ನ್ಯೂಟ್ರೋಫಿಲ್ ಆ ಕೊಕ್ಕೆಗೆ ತಾಗಿ ಉರುಳತೊಡಗುತ್ತದೆ, ಕೆಲವು ಗಂಟೆಯಲ್ಲಿ ಐಕ್ಯಾಮ್-1 ಎಂಬ ಅಂಟು ಪ್ರೋಟೀನು ಮೂಡಿ ಗಟ್ಟಿಯಾಗಿ ಅಂಟಿಕೊಳ್ಳುತ್ತದೆ, ಗೋಡೆ ಸಂದಿನಿಂದ ನುಸುಳಿ ಸ್ನಾಯುವಿಗಿಳಿದು ತನ್ನ ಕಿಣ್ವಗಳನ್ನೂ ಆಕ್ಸಿಡೆಂಟ್‌ಗಳನ್ನೂ ಸುರಿಯುತ್ತದೆ. ಸತ್ತ ಕೋಶಕ್ಕೂ ಬದುಕಬಹುದಾದ ಕೋಶಕ್ಕೂ ಅದು ಭೇದ ಮಾಡದು. ಜೊತೆಗೆ ಕಾಂಪ್ಲಿಮೆಂಟ್, ಒಂದು ಇನ್ನೊಂದನ್ನು ಎಬ್ಬಿಸುವ ರಕ್ಷಣಾ ಪ್ರೋಟೀನುಗಳ ಸರಪಳಿ: ನಮ್ಮ ರಕ್ತದಲ್ಲಿ ಹುಟ್ಟಿನಿಂದಲೇ ಇರುವ ಐಜಿಎಂ ಪ್ರತಿಕಾಯಗಳು ಪೆಟ್ಟುಬಿದ್ದ ಕೋಶದ ಮೇಲೆ ಹೊಸದಾಗಿ ಬಯಲಾದ ಪ್ರೋಟೀನುಗಳಿಗೆ ಅಂಟಿ ಆ ಸರಪಳಿಗೆ ಬೆಂಕಿ ಹಚ್ಚುತ್ತವೆ, ಸಿ5ಎ ಹುಟ್ಟಿ ಇನ್ನಷ್ಟು ನ್ಯೂಟ್ರೋಫಿಲ್‌ಗಳನ್ನು ಕರೆಯುತ್ತದೆ. ಗೋಡೆ ಸಡಿಲವಾಗಿ ನೀರು ಸೋರುತ್ತದೆ. ಸೋರಿದ ನೀರಿಗೆ ಹಿಗ್ಗಲು ಜಾಗವಿಲ್ಲ, ಏಕೆಂದರೆ ಮೀನಖಂಡದ ಸ್ನಾಯುಗಳ ಹೊದಿಕೆ ಕ್ಯಾನ್ವಾಸ್ ಬಟ್ಟೆಯಂಥದ್ದು. ಒತ್ತಡ ಏರುತ್ತದೆ, ಲೋಮನಾಳ ಮುಚ್ಚುತ್ತದೆ, ಮತ್ತೆ ರಕ್ತ ನಿಲ್ಲುತ್ತದೆ. ಈ ಸಲ ಹೊರಗೆ ಹಗ್ಗ ಕಾಣುವುದಿಲ್ಲ, ಅಷ್ಟೇ.

ಕಾಲಿನಾಚೆಗೆ

ಎರಡನೇ ದಿನ ಸಂಜೆ ಉಸಿರು ಮೇಲಾಯಿತು. ಆಮ್ಲಜನಕದ ಮಟ್ಟ 88, ಎಕ್ಸ್‌ರೇಯಲ್ಲಿ ಎರಡೂ ಶ್ವಾಸಕೋಶ ಮಸುಕು. ಡ್ರಿಪ್ ಹೆಚ್ಚಾಗಿ ನೀರು ತುಂಬಿದೆ ಎಂದು ಮೊದಲು ಅಂದುಕೊಂಡೆವು, ಎಕೋದಲ್ಲಿ ಹೃದಯ ಚೆನ್ನಾಗಿತ್ತು. ಕಾಲಿನಲ್ಲಿ ಕೆರಳಿದ ನ್ಯೂಟ್ರೋಫಿಲ್‌ಗಳು ಸಿರೆ ಹಿಡಿದು ಹೊರಟರೆ ಅವಕ್ಕೆ ಸಿಗುವ ಮೊದಲ ಜರಡಿ ಶ್ವಾಸಕೋಶ. ಅಲ್ಲಿನ ಲೋಮನಾಳ ಎಷ್ಟು ಸಣ್ಣದೆಂದರೆ ನ್ಯೂಟ್ರೋಫಿಲ್ ಮೈ ಮುದುರಿಕೊಂಡು ದಾಟಬೇಕು. ಕೆರಳಿದ್ದು ಬಿರುಸಾಗಿರುತ್ತದೆ, ಮುದುರುವುದಿಲ್ಲ. ಅಲ್ಲೇ ಸಿಕ್ಕಿಕೊಂಡು ಅಲ್ಲೇ ಸೋರಿಕೆ ಶುರು. ನಾಲ್ಕು ದಿನ ಮಾಸ್ಕ್ ಮೂಲಕ ಒತ್ತಡದ ಆಮ್ಲಜನಕ ಕೊಟ್ಟೆವು. ವೆಂಟಿಲೇಟರ್ ತನಕ ಹೋಗಲಿಲ್ಲ.

ಕಿಡ್ನಿ ಅಷ್ಟು ಸುಲಭಕ್ಕೆ ಬಿಡಲಿಲ್ಲ. ಗಂಟೆಗೆ 200 ಮಿಲಿ ಮೂತ್ರ ಬರುವಂತೆ ಸಲೈನ್ ಹರಿಸಿದರೂ ಸಿಕೆ 86,000ಕ್ಕೆ ಏರಿತು, ಕಿಡ್ನಿ ಸೋತಾಗ ಏರುವ ಕ್ರಿಯಾಟಿನಿನ್ ಮೂರನೇ ದಿನ 5.2. ಮೂರು ಡಯಾಲಿಸಿಸ್. ಇದರ ಹಿಂದಿನ ಕಥೆ 1941ರ ಲಂಡನ್ನಿನದು. ಬಾಂಬ್ ದಾಳಿಯಲ್ಲಿ ಕುಸಿದ ಮನೆಗಳ ಅಡಿ ಕಾಲು ಸಿಕ್ಕಿಕೊಂಡಿದ್ದವರನ್ನು ಎಳೆದು ಹೊರತೆಗೆದಾಗ ಮೊದಮೊದಲು ಚೆನ್ನಾಗಿಯೇ ಇರುತ್ತಿದ್ದರು, ಆಮೇಲೆ ಕಾಲು ಊದಿ, ಮೂತ್ರ ನಿಂತು, ವಾರದೊಳಗೆ ಸಾಯುತ್ತಿದ್ದರು. ಎರಿಕ್ ಬೈವಾಟರ್ಸ್ ಮತ್ತು ಡೆಸ್ಮಂಡ್ ಬೀಲ್ ಅಂಥ ನಾಲ್ವರ ಪ್ರಕರಣ ಬರೆದರು. ನಮ್ಮ ರೋಗಿಯ ಮೇಲೆ ಗೋಡೆ ಬಿದ್ದಿರಲಿಲ್ಲ, ಹಗ್ಗ ಬಿದ್ದಿತ್ತು.

ಇಷ್ಟೆಲ್ಲ ಗೊತ್ತಿದ್ದೂ ಇದನ್ನು ತಡೆಯುವ ಔಷಧ ಇಲ್ಲವೇ ಎಂದು ಹೌಸ್‌ಸರ್ಜನ್ ಹುಡುಗರು ಕೇಳುತ್ತಾರೆ. ಪ್ರಯತ್ನ ಕಡಿಮೆ ಆಗಿಲ್ಲ, ಹೆಚ್ಚಿನವು ಹೃದಯಾಘಾತದವರ ಮೇಲೆ. ಕಾಂಪ್ಲಿಮೆಂಟ್ ಸರಪಳಿಯ ಸಿ5 ಅನ್ನು ಕಟ್ಟಿಹಾಕುವ ಪೆಕ್ಸೆಲಿಜುಮ್ಯಾಬ್ ಅನ್ನು 5,745 ರೋಗಿಗಳಲ್ಲಿ ನೋಡಿದರು, 2007ರಲ್ಲಿ ಫಲಿತಾಂಶ ಬಂತು, ಪ್ರಯೋಜನವಿಲ್ಲ. ಮೈಟೋಕಾಂಡ್ರಿಯದ ಆ ರಂಧ್ರ ಮುಚ್ಚುವ ಸೈಕ್ಲೋಸ್ಪೋರಿನ್ 2015ರಲ್ಲಿ 970 ಜನರ ಅಧ್ಯಯನದಲ್ಲಿ ಸೋತಿತು. ಇಲಿಯಲ್ಲಿ ಗೆದ್ದದ್ದು ಮನುಷ್ಯನಲ್ಲಿ ಸೋಲುವುದಕ್ಕೆ ನನಗೆ ತೋಚುವ ಕಾರಣ ಎರಡು. ಒಂದು, ಹೊತ್ತು: ಮೊದಲ ನಿಮಿಷಗಳ ಆಟ ಅದು, ಔಷಧ ತಲುಪುವಷ್ಟರಲ್ಲಿ ಮುಗಿದಿರುತ್ತದೆ. ಇನ್ನೊಂದು, ಈ ಬಿಳಿಕಣಗಳು ಬರೀ ಕೇಡಿಗರಲ್ಲ. ಸತ್ತ ಸ್ನಾಯುವನ್ನು ಗುಡಿಸುವವರೂ ಅವರೇ. ನ್ಯೂಟ್ರೋಫಿಲ್ ತನ್ನ ಕೆಲಸ ಮುಗಿಸಿ ಸತ್ತಾಗ ಮ್ಯಾಕ್ರೊಫೇಜ್ ಎಂಬ ಇನ್ನೊಂದು ಬಿಳಿಕಣ ಅದನ್ನು ನುಂಗುತ್ತದೆ, ನುಂಗಿದ ಮೇಲೆ ಅದರ ಸ್ವಭಾವವೇ ಬದಲಾಗಿ ಐಎಲ್-10ರಂಥ ತಣಿಸುವ ಸಂದೇಶ ಕಳಿಸುತ್ತದೆ, ಸ್ನಾಯುವಿನ ಮೂಲಕೋಶಗಳು ಕಣ್ಣು ಬಿಡುತ್ತವೆ. ಎಲ್ಲವನ್ನೂ ತಡೆದರೆ ಈ ರಿಪೇರಿಯೂ ನಿಲ್ಲುತ್ತದೆ.

ಬಿಗಿದ ಹಗ್ಗವನ್ನು ಆಗಾಗ ಸಡಿಲಿಸುತ್ತಿದ್ದರೆ ಕಾಲು ಉಳಿಯುತ್ತಿತ್ತೇ ಎಂಬುದು ಪಿಜಿಯ ಪ್ರಶ್ನೆ. ಪ್ರಶ್ನೆ ಚೆನ್ನಾಗಿದೆ. 1986ರಲ್ಲಿ ಚಾರ್ಲ್ಸ್ ಮರ್ರಿ, ಜೆನ್ನಿಂಗ್ಸ್ ಮತ್ತು ರೀಮರ್, ನಾಯಿಯ ಹೃದಯದ ನಾಳವನ್ನು ಐದೈದು ನಿಮಿಷದಂತೆ ನಾಲ್ಕು ಸಲ ಮುಚ್ಚಿ ತೆರೆದು, ಆಮೇಲೆ 40 ನಿಮಿಷ ಮುಚ್ಚಿದರೆ, ಸಾಯುವ ಸ್ನಾಯು ಕಾಲು ಭಾಗಕ್ಕೆ ಇಳಿಯುತ್ತದೆ ಎಂದು ತೋರಿಸಿದರು. ಸಣ್ಣ ಹಸಿವು ದೊಡ್ಡ ಹಸಿವಿಗೆ ಕೋಶವನ್ನು ಅಣಿ ಮಾಡುತ್ತದೆ. ಆದರೆ ತೋಳಿಗೆ ಕಫ್ ಕಟ್ಟಿ ಬಿಚ್ಚಿ ಹೃದಯ ಉಳಿಸುವ ದೊಡ್ಡ ಪ್ರಯೋಗ, 5,401 ರೋಗಿಗಳದು, 2019ರಲ್ಲಿ ಏನೂ ಲಾಭ ತೋರಲಿಲ್ಲ. ಅದೂ ಅಲ್ಲದೆ ನಿಜವಾದ ವಿಷದ ಹಾವಾದರೆ ಸಡಿಲಿಸಿದ ಪ್ರತಿ ಸಲವೂ ಒಂದು ಡೋಸ್ ವಿಷ ಮೇಲಕ್ಕೆ. ಕಟ್ಟಲೇಬಾರದು ಎಂಬುದು ಸರಳ ಉತ್ತರ: ಮುರಿದ ಕಾಲಿಗೆ ಮಾಡುವ ಹಾಗೆ ಹಲಗೆ ಇಟ್ಟು, ಅಲುಗಾಡಿಸದೆ, ಪ್ರತಿವಿಷ ಇರುವ ಕಡೆಗೆ ಹೊರಡುವುದು. ಕರ್ನಾಟಕ 2024ರಲ್ಲಿ ಹಾವು ಕಡಿತವನ್ನು ಕಡ್ಡಾಯವಾಗಿ ವರದಿ ಮಾಡಬೇಕಾದ ಪಟ್ಟಿಗೆ ಸೇರಿಸಿತು. ಹಗ್ಗ ಎಷ್ಟು ಹೊತ್ತು ಇತ್ತು ಎಂದು ನಾನು ಈಗ ಪ್ರತಿ ಕೇಸ್ ಶೀಟಿನಲ್ಲೂ ನಿಮಿಷದ ಲೆಕ್ಕದಲ್ಲಿ ಬರೆಸುತ್ತೇನೆ.

ಆ ಒಂದೂವರೆ ಗಂಟೆಯ ವಿಷಯ. ಮುಂದಿನ ಕೋಣೆಯ ಸ್ನಾಯು ಅದರಿಂದಲೇ ಹೋಯಿತು ಎಂದು ಹೇಳಲಾರೆ, ಐದು ಗಂಟೆಯ ಹಗ್ಗ ಅದನ್ನು ಮೊದಲೇ ಮುಗಿಸಿರಬಹುದು. ಉಳಿಯುತ್ತಿತ್ತೋ ಏನೋ ಎಂಬ ಅನುಮಾನಕ್ಕೆ ಎಡೆ ಕೊಟ್ಟದ್ದಂತೂ ನಾನೇ. ರಕ್ತ ಹೆಪ್ಪುಗಟ್ಟುತ್ತಿದೆ ಎಂದು 12.45ಕ್ಕೇ ಗೊತ್ತಿತ್ತು. ಎರಡನೇ ನಳಿಗೆ 20 ನಿಮಿಷದ ಮಾತು; ಅದೂ ಹೆಪ್ಪುಗಟ್ಟಿದ ಮೇಲೆ ಐಎನ್‌ಆರ್ ದಾರಿ ಕಾಯಬೇಕಿರಲಿಲ್ಲ. ಇನ್ನೂ ಸರಿಯಾಗಿ ಹೇಳಬೇಕೆಂದರೆ, ಇಷ್ಟು ಹೊತ್ತು ಬಿಗಿದ ಕಾಲಿಗೆ ರಕ್ತ ಬಿಡುವಾಗಲೇ ಸರ್ಜನ್ ಪಕ್ಕದಲ್ಲಿರಬೇಕಿತ್ತು. ಅವರಿಗೆ ನಾನು ಫೋನ್ ಮಾಡಿದ್ದು ಟೀ ಕುಡಿದು ಬಂದ ಮೇಲೆ.

ಒಂಬತ್ತನೇ ದಿನ ಸತ್ತ ಸ್ನಾಯು ತೆಗೆದು ಸ್ವಚ್ಛ ಮಾಡಿದರು, ಹದಿನಾಲ್ಕಕ್ಕೆ ಎಡತೊಡೆಯ ಚರ್ಮ ತೆಗೆದು ಹೊಲಿದರು. 26ನೇ ದಿನ ಮನೆಗೆ. ಆರು ತಿಂಗಳಿಗೆ ಬಂದಾಗ ಕ್ರಿಯಾಟಿನಿನ್ 1.1. ಕಾಲಿಗೆ ಬಲವಿದೆ, ಪಾದ ಮಾತ್ರ ಮೇಲಕ್ಕೆ ಏಳದು. ಪ್ಲಾಸ್ಟಿಕ್ ಸ್ಪ್ಲಿಂಟ್ ಹಾಕಿ ಅದರ ಮೇಲೆ ಒಂದು ಸೈಜ್ ದೊಡ್ಡ ಚಪ್ಪಲಿ ಮೆಟ್ಟುತ್ತಾನೆ. ಹುಲ್ಲು ಕೊಯ್ಯುವ ಕೆಲಸ ಬಿಟ್ಟು ಗೇಟಿನ ಕಾವಲಿಗೆ ಸೇರಿದ್ದಾನೆ. ತೊಡೆಯ ಸುತ್ತ ಎರಡು ಕಪ್ಪು ಬಳೆ ಹಾಗೇ ಇವೆ, ನೈಲಾನಿನ ಹುರಿಯ ಅಚ್ಚು ಸಮೇತ.

ಹಗ್ಗ ಏನಾಯಿತು ಎಂದು ಮಾವನನ್ನು ಕೇಳಿದೆ.

“ಎಮ್ಮೆ ಕಟ್ಟಾಕಿದೀವಿ ಸಾ. ಹೊಸಾ ಹಗ್ಗ ಅದು.”